ಕಿವಿ ಡಾಕ್ಟರ ಮನೆಯ ಹೆಡ್‌ಫೋನ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಾಲಾ ಬಸ್ಸು ನಿಲ್ಲುವ ತಿರುವಿನಲ್ಲಿ, ಮೆಟ್ಟಿಲ ಕೆಳಗೆ ತುರುಕಿದಂತಿರುವ ಅಂಗಡಿಯಲ್ಲಿ ನಡುವಯಸ್ಸಿನವರೊಬ್ಬರು ಹೆಡ್‌ಫೋನಿನ ಮುಚ್ಚಳ ಬಿಚ್ಚುತ್ತಿದ್ದಾರೆ. ಕೂದಲೆಳೆಯಂಥ ತಂತಿ ತುಂಡಾಗಿದೆ. ಬೆಸುಗೆಕಡ್ಡಿಯ ತುದಿ ತಾಗುತ್ತದೆ; ಸಣ್ಣ ಹೊಗೆ ಏಳುತ್ತದೆ.

"ಬೇಗ ಕಿವಿ ಡಾಕ್ಟ್ರೇ, ಬಸ್ಸು ಬಂದ್ಬಿಡುತ್ತೆ!" ಎನ್ನುತ್ತಾಳೆ ಎದುರಿಗೆ ನಿಂತ ಹುಡುಗಿ.

"ಬರ್ಲಿ ಬಿಡು. ರೋಗಿ ಇನ್ನೂ ಮೇಜಿನ ಮೇಲಿದೆ."

ಈ ಬಿರುದು ಮಕ್ಕಳೇ ಕೊಟ್ಟದ್ದು. ಮೊದಲು ಇವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಈಗ ದಿನಕ್ಕೆ ಇಪ್ಪತ್ತರ ಆಸುಪಾಸು ಹೆಡ್‌ಫೋನ್‌ಗಳು. ಮುಕ್ಕಾಲು ಪಾಲು ಹದಿಹರೆಯದವರವು. ರಿಪೇರಿ ಮುಗಿದ ಮೇಲೆ ಮಗುವಿನ ಫೋನಿಗೇ ಸಿಕ್ಕಿಸಿ, ಹಾಡು ನಿಂತಿದ್ದಲ್ಲಿಂದ ಕೇಳಿ ಪರೀಕ್ಷಿಸುವುದು ಇವರ ಕ್ರಮ. "ಜಗಳ ಆಡಿ ಬಂದಿದ್ರೆ ಡ್ರಮ್ಮಿನ ಬಡಿತ ಜೋರು. ಒಂಟಿ ಅನ್ನಿಸಿದ್ರೆ ಒಂದೇ ಹಾಡು, ತಿರುಗಾಮುರುಗಾ" ಎನ್ನುತ್ತಾರೆ.

ಈ ಹುಡುಗಿಯದು ಅಳುವ ಹಾಡು. ಯಾಕಮ್ಮ ಎಂದು ಡಾಕ್ಟರು ಕೇಳಿದರೆ ಅವಳು ಹುಬ್ಬು ಗಂಟಿಕ್ಕುತ್ತಾಳೆ. "ಅಳು ಬಂದಾಗ ನಗು ನಗು ಅಂದ್ರೆ ಸಿಟ್ಟು ಬರಲ್ವಾ? ಈ ಹಾಡು ಹಾಗನ್ನಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರುತ್ತೆ." ಬಸ್ಸು ಅವಳನ್ನು ಕರೆದೊಯ್ಯುತ್ತದೆ.

ಡಾಕ್ಟರು ಕಡ್ಡಿಯ ತುದಿ ಒರೆಸುತ್ತ ನಮ್ಮ ಕಡೆ ತಿರುಗುತ್ತಾರೆ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವರು, ಅವರ ಹದಿನೈದರ ಮಗಳು. ತಾಯಿ ತೀರಿಕೊಂಡ ವರ್ಷ ಮಗಳು ತನ್ನ ಹೆಡ್‌ಫೋನನ್ನು ರಿಪೇರಿಗೆ ಅಪ್ಪನಿಗೇ ಕೊಟ್ಟಿದ್ದಳು. ಅಪ್ಪ ಪರೀಕ್ಷಿಸಿದರು. ಫೋನಿನ ತುಂಬ ಇಂಥದೇ ಹಾಡು.

"ಗಾಯ ಕೆರ್ಕೋತಿದಾಳೆ ಅನ್ಕೊಂಡೆ. ಅಷ್ಟನ್ನೂ ಅಳಿಸಿ, ಕುಣಿಯೋ ಹಾಡು ತುಂಬಿ ಕೊಟ್ಟೆ."

ಋಣಸಂಖ್ಯೆಗೆ ಅಷ್ಟೇ ಧನಸಂಖ್ಯೆ ಕೂಡಿಸಿದರೆ ಸೊನ್ನೆ. ಅದು ಅಂಕಗಣಿತ. ತಾಯಿಯಿಲ್ಲದ ಹುಡುಗಿಗೆ ಆ ಲೆಕ್ಕ ಹೊಂದಲಿಲ್ಲ. ಅವಳು ಕೂಗಾಡಲಿಲ್ಲ. ಊಟಕ್ಕೆ ಕುಳಿತಾಗಲೂ ಹೆಡ್‌ಫೋನ್ ತೆಗೆಯದಾದಳು. ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ, ಅಷ್ಟೇ. ಊರ ಮಕ್ಕಳ ಹಾಡೆಲ್ಲ ತಿಳಿದವರಿಗೆ ಎದುರು ತಟ್ಟೆಯವಳ ಹಾಡು ತಿಳಿಯದು.

ಕಳೆದ ವಾರ ಅವಳ ಹೆಡ್‌ಫೋನಿನ ಒಂದು ಕಿವಿ ಸತ್ತಿತು. ತಂದುಕೊಡುತ್ತಾಳೆಂದು ಅಪ್ಪ ಮೇಜು ಖಾಲಿ ಮಾಡಿ ಕಾದರು. ಅವಳು ಬರಲಿಲ್ಲ. ಸಾಮಾನು ತರಲು ಪೇಟೆಗೆ ಹೋಗಿ ಬಂದಾಗ ಅಂಗಡಿಯಲ್ಲಿ ಬೆಸುಗೆಯ ವಾಸನೆ. ಕಡ್ಡಿ ಇನ್ನೂ ಬಿಸಿ. ಮಗಳು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕಿವಿಯ ಮೇಲೆ ಅದೇ ಹೆಡ್‌ಫೋನ್.

"ಅವಳು ಸ್ನಾನಕ್ಕೆ ಹೋದಾಗ ಬಿಚ್ಚಿ ನೋಡ್ದೆ. ಹಾಡು ಕೇಳ್ಲಿಲ್ಲ, ಬೆಸುಗೆ ಮಾತ್ರ ನೋಡಿದ್ದು" ಎನ್ನುತ್ತಾರೆ. "ಯಾರೂ ಹೇಳಿಕೊಟ್ಟಿಲ್ಲ ಸ್ವಾಮಿ. ಸಾಸಿವೆಕಾಳಿನ ಹಾಗೆ ದುಂಡಗೆ ಕೂತಿದೆ, ನನ್ನದಕ್ಕಿಂತ ಅಚ್ಚುಕಟ್ಟು. ಭೇಷ್ ಮಗಳೇ ಅಂತ ಹೇಳ್ಬೇಕು. ಹೆಡ್‌ಫೋನ್ ತೆಗೀಲಿ, ಹೇಳ್ತೀನಿ."