ಒಂದು ಪಿಪೆಟ್, ಇಬ್ಬರ ಬಾಯಿ

ಬೆಂಗಳೂರಿಗೆ ಬಂದ ಮೊದಲ ವಾರವೇ ಒಂದು ಗಾಜಿನ ಕೊಳವೆ ನನ್ನ ಜೀವ ಹಿಂಡಿತು. ಕಾಲೇಜಿನ ಲ್ಯಾಬಿನಲ್ಲಿ ಅದಕ್ಕೆ ಪಿಪೆಟ್ ಎನ್ನುತ್ತಾರೆ. ಒಂದು ತುದಿಯನ್ನು ದ್ರಾವಣದಲ್ಲಿ ಅದ್ದಿ, ಇನ್ನೊಂದಕ್ಕೆ ಬಾಯಿಟ್ಟು ಗೆರೆಯ ತನಕ ಎಳೆಯಬೇಕು. ಇಬ್ಬರು ಹುಡುಗರಿಗೆ ಒಂದೇ ಪಿಪೆಟ್. ಗುಲ್ಬರ್ಗ ಕಡೆಯ ನಮ್ಮೂರಿನಲ್ಲಿ ನಮ್ಮ ಕೇರಿಯವರು ಬಾವಿಯ ಹಗ್ಗ ಮುಟ್ಟಿದರೂ ರಂಪವಾಗುತ್ತದೆ. ಇಲ್ಲಿ ನನ್ನ ಎಂಜಲಿಗೆ ಇನ್ನೊಬ್ಬ ಬಾಯಿಡಬೇಕಿತ್ತು. ತಲೆಸುತ್ತು ಎಂದು ನೆಪ ಹೇಳಿ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ಜಯನಗರದಲ್ಲಿ ಆಗ ಹೊಸ ಮನೆಗಳು ಸಾಲಾಗಿ ಏಳುತ್ತಿದ್ದವು, ಖಾಲಿ ಕೋಣೆಗಳೂ ಇದ್ದವು. ಆದರೆ ಪ್ರತಿ ಬಾಗಿಲಲ್ಲೂ ಮೊದಲ ಪ್ರಶ್ನೆ, “ಯಾವ ಜನ?” ನಿಜ ಹೇಳಿದ ಕಡೆಯಲ್ಲೆಲ್ಲ ಕದ ಮುಚ್ಚಿತು. ಕೋಣೆ ಯಾಕೆ ಸಿಗುತ್ತಿಲ್ಲವೆಂದು ತಿಳಿಯದಿದ್ದರೂ, ನನ್ನ ಪಾಡು ನೋಡಲಾರದೆ ಲ್ಯಾಬಿನ ಜೊತೆಗಾರ ಕೆಂಪರಾಜು ಕತ್ರಿಗುಪ್ಪೆಯ ತನ್ನ ಮನೆಗೆ ಕರೆದೊಯ್ದ. ಹಿತ್ತಲಲ್ಲಿ ಒಂದು ಕೋಣೆಯಿತ್ತು. “ನಮ್ಮಂಗೇ ಒಕ್ಕಲುಮಕ್ಕಳೇನಪ್ಪ?” ಎಂದರು ಅವನ ತಾಯಿ. ನಾನು ಹೂಂ ಎಂದುಬಿಟ್ಟೆ.

ಆ ತಾಯಿ ಅಡಿಗೆಮನೆಯಲ್ಲೇ ಮಣೆ ಹಾಕಿ ಕೂರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ನನಗೆ ರಾಗಿಮುದ್ದೆ ಗಂಟಲಲ್ಲೇ ನಿಂತಿತು. “ಜಗೀಬಾರ್ದು ಕಣಪ್ಪ, ಸಾರಲ್ಲಿ ಅದ್ದಿ ನುಂಗ್ಬೇಕು” ಎಂದು ನಕ್ಕರು. ತಿಂಗಳೊಳಗೆ ಎರಡು ಮುದ್ದೆ ಇಳಿಸುವಷ್ಟಾದೆ. ಆದರೆ ಹೊಟ್ಟೆ ತುಂಬಿದಷ್ಟೂ ಭಯ ಹೆಚ್ಚಿತು.

ಅದಕ್ಕೇ ಪಿಪೆಟ್ಟಿಗೆ ಬಾಯಿಡಲೇ ಇಲ್ಲ. ಒಂದು ಸುಳ್ಳು ಹೇಳಿ ಅವರ ಮನೆ ಹೊಕ್ಕಿದ್ದೇ ಸಾಲದೆ, ಮಗನ ಬಾಯಿಗೂ ಎಂಜಲು ಇಡಲೇ? ಎಳೆಯುವುದು ಕೆಂಪರಾಜು, ಅಳತೆ ಬರೆದುಕೊಳ್ಳುವುದು ನಾನು. “ನಿನ್ ಅಕ್ಷರ ಚೆನ್ನಾಗೈತೆ, ನೀನೇ ಬರಿ” ಎಂದು ಅವನಿಗೂ ಖುಷಿ. ಆದರೆ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಮಾಡಬೇಕು. ಪ್ರಾಕ್ಟಿಕಲ್ ಹೋದರೆ ಓದೇ ಹೋದಂತೆ, ಮತ್ತೆ ಆ ಬಾವಿಯ ದಂಡೆಯೇ ಗತಿ.

ಲ್ಯಾಬಿನ ಮೇಡಂ ಗಮನಿಸಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಿಲ್ಲಿಸಿಕೊಂಡರು.

“ಯಾಕ್ರೀ, ನೀವು ಒಂದು ಸಲಾನೂ ಬಾಯಿಡಲ್ಲ?”

ಸುಳ್ಳು ಹುಡುಕಿದೆ, ಸಿಗಲಿಲ್ಲ. ಯಾವ ಕೇರಿಯವನೆಂದು ಹೇಳಿ, “ನನಗ ಬ್ಯಾರೆ ಒಂದು ಕೊಡ್ರಿ ಮೇಡಂ” ಎಂದೆ.

“ಬೇರೆ ಕೊಡೋದು ಸುಲಭ. ಕೊಡಲ್ಲ. ನಾಳೆ ಅದು ನಿಮ್ಮೋರ ಪಿಪೆಟ್ ಅಂತ ಆಗುತ್ತೆ, ಮುಂದೆ ಬರೋನಿಗೂ ಅದೇ ಉಳಿಯುತ್ತೆ. ತೊಳೀರಿ, ಎಳೀರಿ. ಎಲ್ಲರೂ ಮಾಡೋದು ಅಷ್ಟೇ. ಇನ್ಮೇಲೆ ವಾರ ವಾರ ಎಲ್ಲರ ಜಾಗಾನೂ ಬದಲಾಯಿಸ್ತೀನಿ.”

ತಿರುಗಿದರೆ ಬಾಗಿಲಲ್ಲಿ ಕೆಂಪರಾಜು. ಮರೆತ ಪುಸ್ತಕಕ್ಕೆಂದು ವಾಪಸು ಬಂದಿದ್ದ.

ಕತ್ರಿಗುಪ್ಪೆಯವರೆಗೂ ಇಬ್ಬರೂ ಜೊತೆಗೇ ನಡೆದೆವು. ಟ್ರಂಕು ಹೊತ್ತು ಎಲ್ಲಿಗೆ ಹೋಗಲಿ ಎಂದೇ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಮನೆ ಹತ್ತಿರವಾದಾಗ ಅವನು ನಿಂತ.

“ಲ್ಯಾಬಲ್ಲಿ ನಂಗೇನಿಲ್ಲ, ಎಳೆಯೋದ್ ಕಲ್ತ್ಕೋ. ರೂಮೂ ಬಿಡ್ಬೇಡ, ಅವ್ವಂಗೆ ಹೇಳಲ್ಲ. ಅಡಿಗೆಮನೆಗೆ ಮಾತ್ರ ಬರ್ಬೇಡ ಕಣೋ.”

ಅವನ ಮೇಲೆ ಸಿಟ್ಟು ಬಂತು, ಅವನು ಒಳ್ಳೆಯವನೆಂದೂ ಅನ್ನಿಸಿತು.

ಮೊದಲ ಸಲ ಎಳೆದಾಗ ಆಮ್ಲ ಬಾಯಿಗೇ ಬಂದು ಹಲ್ಲು ಚುಳ್ಳೆಂದಿತು. ವಾರದೊಳಗೆ ಗೆರೆಗೆ ಸರಿಯಾಗಿ ನಿಲ್ಲಿಸುವುದನ್ನು ಕಲಿತೆ. ಜೊತೆಗಾರರಲ್ಲಿ ಕೆಲವರು ನನ್ನ ನಂತರ ಪಿಪೆಟ್ಟನ್ನು ನಾಲ್ಕು ಸಲ ತೊಳೆದರು. ಆದರೂ ಎಳೆದರು. ನಾನು ಪಾಸಾದೆ.

ಪಾಸಾದ ದಿನ ಕೆಂಪರಾಜುವಿನ ತಾಯಿ ಒಬ್ಬಟ್ಟು, ಅಂದರೆ ನಮ್ಮ ಕಡೆಯ ಹೋಳಿಗೆ, ಮಾಡಿ ಒಳಗೆ ಕರೆದರು. ಹೊಟ್ಟೆ ಸರಿಯಿಲ್ಲ ಎಂದು ಹೊಸ್ತಿಲಾಚೆಯೇ ನಿಂತೆ. ಎಷ್ಟೋ ದಿನದಿಂದ ಇದೇ ನೆಪ.

“ನಮ್ಮನೆ ಊಟ ಬೇಜಾರಾಯ್ತೇನಪ್ಪ? ಇಲ್ಲ, ನಿಮ್ಮವ್ವನ ಜ್ಞಾಪಕ ಬಂತಾ?”

ಒಳಗೆ ಕೆಂಪರಾಜು ತಲೆ ಎತ್ತಲಿಲ್ಲ. “ಹೌದ್ರಿ ಅವ್ವ, ಊರು ನೆನಪಾತು” ಎಂದೆ.

ಅವರು ತಟ್ಟೆಯನ್ನು ನನ್ನ ಕೋಣೆಗೇ ತಂದರು, ತಿಂದು ಮುಗಿಸುವವರೆಗೂ ಎದುರಿಗೇ ಕೂತರು. ಈ ತಾಯಿಯನ್ನು ಬಿಟ್ಟು ಊರಿಗೆ ಹೋಗಲಾರೆ, ನಿಜ ಹೇಳಿ ಅವರ ಒಳಮನೆಗೂ ಹೋಗಲಾರೆ ಎನ್ನಿಸಿ ಹೆದರಿಕೆಯಾಯಿತು. ಎಂಜಲು ತಟ್ಟೆ ನಾನೇ ತೊಳೆಯುತ್ತೇನೆಂದೆ. ಅವರು ಕೊಡಲಿಲ್ಲ.