ಪಂಚಾಯ್ತಿ ಕಂಪ್ಯೂಟರಿಗೆ ಬಂದ ಲಗ್ನಪತ್ರಿಕೆ

ನನ್ನ ಮೊಮ್ಮಗಳ ಕೆಲಸ ಉಳೀತು. ಬರೋ ವಾರ ಹಾಸನದಲ್ಲಿ ಸಭೆಯಂತೆ, ಅಲ್ಲಿ ಅವಳು ಎದ್ದು ನಿಂತು ಮಾತಾಡಬೇಕಂತೆ. ಹೊಳೆನರಸೀಪುರ, ಅರಕಲಗೂಡು ಕಡೆಯಿಂದೆಲ್ಲ ಪಂಚಾಯ್ತಿಯೋರು, ಸರ್ಕಾರಿ ಶಾಲೆ ಮೇಷ್ಟ್ರುಗಳು ಬಂದು ಕೂತು ಕೇಳ್ತಾರಂತೆ. ಈ ಸುದ್ದಿ ಕಿವಿಗೆ ಬಿದ್ದಾಗಿನಿಂದ ನಾನು ಕೂತಲ್ಲಿ ಕೂತಿಲ್ಲ. ಡೈರಿಗೆ ಹಾಲು ಹಾಕೋಕೆ ಹೋದವಳು ಕ್ಯಾನು ಅಲ್ಲೇ ಬಿಟ್ಟು ಬಂದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಇದನ್ನ ಬರೀತಿದ್ದೀನಿ, ಯಾಕಂದ್ರೆ ಬಾಯಲ್ಲಿ ಹೇಳಿ ಹೇಳಿ ಬೀದಿಯೋರಿಗೆಲ್ಲ ಸಾಕಾಗಿಹೋಗಿದೆ.

ಆದರೆ ಇದಕ್ಕೆ ಮುಂಚೆ ನಾನು ಪಟ್ಟ ಹೆದರಿಕೆ ಯಾರಿಗೂ ಬೇಡ.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆಗೆ ಹೋಗಿ ಬಸ್ಸು ಹತ್ತಬೇಕು. ಮೊಮ್ಮಗಳು ಪಂಚಾಯ್ತಿ ಆಫೀಸಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾಳೆ. ಕಂದಾಯ, ನೀರಿನ ತೆರಿಗೆ, ಯಾರ ಮನೆ ಯಾರ ಹೆಸರಲ್ಲಿದೆ, ಎಲ್ಲ ಅವಳೇ ಹೊಡೆದು ಇಡೋದು. ಕಾಯಂ ಅಲ್ಲ. ಬೇಡ ಅಂದರೆ ಬೇಡ, ಕೇಳೋ ಹಂಗಿಲ್ಲ.

ಅವತ್ತು ಬೆಳಗ್ಗೆ ನಾನೂ ಅವಳ ಸ್ಕೂಟಿ ಹಿಂದೆ ಕೂತು ಹೋಗಿದ್ದೆ, ಪಿಂಚಣಿಗೆ ಹೆಬ್ಬೆಟ್ಟು ಒತ್ತೋಕೆ. ಅವಳೇ ಬೀಗ ತೆಗೆದು, ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಹಾಕಿದಳು. ಪರದೆ ತುಂಬ ಕೆಂಪು. ಅದರ ಮೇಲೆ ಬಿಳೀ ಇಂಗ್ಲಿಷ್ ಅಕ್ಷರ. ಹುಡುಗಿ ಮುಖ ಬಿಳಿಚಿಕೊಂಡಿತು. ಥಟ್ಟಂತ ಮೇಜಿನ ಕೆಳಕ್ಕೆ ಬಗ್ಗಿ ನೆಟ್ಟಿನ ವೈರು ಕಿತ್ತು ಬಿಸಾಕಿದಳು. ಆಮೇಲೆ ನಮ್ಮೂರ ಸ್ಕೂಲಿನ ಹೆಡ್‌ಮಿಸ್ಸಿಗೆ ಫೋನು.

"ಮಿಸ್, ಒಂದು ಲಗ್ನಪತ್ರಿಕೆ ಬಂದೈತಾ ನಿಮ್ಗೆ? ತಗೀಬೇಡಿ. ಗುರ್ತಿನೋರ ನಂಬರಿಂದ ಬಂದಿದ್ರೂ ತಗೀಬೇಡಿ. ಸ್ಕೂಲ್ ಕಂಪ್ಯೂಟರ್‌ನಲ್ಲಂತೂ ಬೇಡ್ವೇ ಬೇಡ."

"ಏನಾಯ್ತು ಮಗ?" ಅಂದೆ.

"ಯಾರೋ ಒಳಕ್ಕೆ ನುಗ್ಗಿ ಎಲ್ಲಾದ್ಕೂ ಬೀಗ ಹಾಕವ್ರೆ ಅಜ್ಜಿ. ದುಡ್ಡು ಕೊಟ್ರೆ ತಗೀತೀವಿ ಅಂತ ಬರ್ದವ್ರೆ."

ನಾನು ಬಾಗಿಲು ನೋಡಿದೆ, ಕಿಟಕಿ ಸರಳು ನೋಡಿದೆ. ಎಲ್ಲ ನೆಟ್ಟಗೇ ಇತ್ತು. ಕಳ್ಳ ಬಂದರೆ ನಾಯಿ ಬೊಗಳುತ್ತೆ, ಹೆಂಚು ಸರಿದಿರುತ್ತೆ. ಇದು ಅಂಥದ್ದೂ ಅಲ್ಲ.

ಆಗಿದ್ದು ಇಷ್ಟು. ಹಿಂದಿನ ದಿನ ಸಾಯಂಕಾಲ ಪಂಚಾಯ್ತಿ ಮೆಂಬರೊಬ್ಬರ ನಂಬರಿಂದ ಆಫೀಸಿನ ವಾಟ್ಸಾಪಿಗೆ ಲಗ್ನಪತ್ರಿಕೆ ಅಂತ ಒಂದು ಬಂದಿತ್ತು. ಅವರ ಫೋನಿನೊಳಕ್ಕೇ ಯಾರೋ ಕದ್ದು ಹೊಕ್ಕು ಕಳಿಸ್ತಿದ್ದರು ಅನ್ನೋದು ಆಮೇಲೆ ತಿಳೀತು. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ಪತ್ರಿಕೆ ಬಿಚ್ಚದೆ ಇಡೋ ಹಂಗಿಲ್ಲ. ಯಾವ ಛತ್ರ, ಹೆಣ್ಣು ಯಾವೂರಿನದು, ಸುಖಾಗಮನ ಬಯಸುವವರಲ್ಲಿ ಯಾರ ಹೆಸರು ಬಿಟ್ಟವರೆ, ಅಷ್ಟೂ ಓದಬೇಕು. ನಮ್ಮಲ್ಲಿ ಅಧ್ಯಕ್ಷೆ ಹೆಂಡತಿ, ಕುರ್ಚಿ ಗಂಡನದು. ಆ ಯಜಮಾನರು ಅವಳ ಬೆನ್ನ ಹಿಂದೆ ನಿಂತು ಅವಸರ ಮಾಡಿದರಂತೆ.

"ದೊಡ್ಡ ಪರದೇಲಿ ತಗಿ ಕಣವ್ವ, ನನ್ ಕಣ್ಣು ಕಾಣಕಿಲ್ಲ. ನೋಡ್ದೆ ಇದ್ರೆ ನಾಳೆ ಎದುರು ಸಿಕ್ದಾಗ ಮೊಕ ಎಂಗೆ ತೋರ್ಸದು?"

ಇವಳು ಒತ್ತಿದಳು. ಏನೂ ಬರಲಿಲ್ಲ. ನೆಟ್ಟು ಸತ್ತೋಗೈತೆ ಅಂದುಕೊಂಡು ಎಲ್ಲರೂ ಮನೆಗೆ ಹೋದರು.

ಈಗ ಅದೇ ಯಜಮಾನರು ಬಂದು ಕೆಂಪು ಪರದೆ ನೋಡಿ, "ಬೀಗದ ಕೈ ಯಾರ್ ತಾವ ಇತ್ತು?" ಅಂದರು. ಬೀಗದ ಕೈ ನನ್ನ ಮೊಮ್ಮಗಳ ಸೊಂಟದಲ್ಲೇ ನೇತಾಡ್ತಿತ್ತು. ಪಂಚಾಯ್ತಿಯ ದೊಡ್ಡ ಅಧಿಕಾರಿ, ಪಿಡಿಒ ಮೇಡಮ್ಮು, ಬಂದವರೇ ತಲೆ ಹಿಡಿದು ಕೂತರು. ಯಜಮಾನರು ಮೆತ್ತಗೆ ಒಂದು ದಾರಿ ತೋರಿಸಿದರು.

"ಕರೆಂಟು ಎಚ್ಚುಕಮ್ಮಿಯಾಗಿ ಸುಟ್ಟೋಯ್ತು ಅಂತ ಬರ್ದ್ಬುಡಿ ಮೇಡಂ. ಮಿಷನ್ನು ತಾನೆ. ಯಾರಿಗೂ ತೊಂದ್ರೆ ಇಲ್ಲ."

ನನಗೆ ಹೋದ ಜೀವ ಬಂದಂಗಾಯ್ತು. ಮೊಮ್ಮಗಳ ಕೈ ಜಿಗುಟಿ, "ಸುಮ್ಕಿರು ಕಣವ್ವ, ಅವ್ರೇ ಏಳ್ತಾವ್ರೆ" ಅಂದೆ.

ಅವಳು ಕೈ ಬಿಡಿಸಿಕೊಂಡಳು. "ಅಜ್ಜಿ, ಇದು ನಮ್ಮೊಬ್ರಿಗೇ ಬಂದಿಲ್ಲ. ಆ ಮೆಂಬರ ಫೋನಲ್ಲಿ ನಂಬರ್ ಇರೋರ್ಗೆಲ್ಲ ಓಗಿರ್ತದೆ. ನಾವು ಬಚ್ಚಿಟ್ಕಂಡು ಕುಂತ್ರೆ ಅವ್ರೂ ಒತ್ತುತಾರೆ." ಮೇಡಂ ಕಡೆ ತಿರುಗಿ ಹೇಳಿದಳು: "ಒತ್ತಿದ್ದು ನಾನೇ ಮೇಡಂ. ಹಾಸನದ ದೊಡ್ಡ ಆಫೀಸಿಗೆ ಈಗ್ಲೇ ತಿಳ್ಸಿ."

ಮೇಡಮ್ಮು ಅವಳನ್ನೇ ನೋಡ್ತಾ ಫೋನು ಎತ್ತಿದರು. ಹೆಬ್ಬೆಟ್ಟು ಒತ್ತದೆ ಹಂಗೇ ಮನೆಗೆ ನಡೆದು ಬಂದೆ.

ಆಮೇಲಿನ ದಿನಗಳನ್ನ ನೆನೆಸಿಕೊಂಡರೆ ಈಗಲೂ ಮೈ ತಣ್ಣಗಾಗುತ್ತೆ. ಪಂಚಾಯ್ತಿ ಮುಂದೆ ಜನ ಸೇರಿದರು. "ನಮ್ಮನೆ ಖಾತೆ ನಮ್ಮೆಸ್ರಲ್ಲೇ ಐತಾ, ಇಲ್ಲ ಬೇರೆಯೋರ್ಗೆ ಓಯ್ತಾ?" ಅಂತ ಒಬ್ಬೊಬ್ಬರೂ ಇವಳನ್ನೇ ಕೇಳೋದು. ಹಿರೀಸಾವೆ ಹೋಟ್ಲಲ್ಲಿ ಟೀ ಕುಡಿಯೋಕೆ ಕೂತಿದ್ದ ನನ್ನ ಮಗ ಪಕ್ಕದ ಬೆಂಚಿನ ಮಾತು ಕೇಳಿಸಿಕೊಂಡು ಬಂದ: ಪಂಚಾಯ್ತಿ ಹುಡುಗಿನ ಪೊಲೀಸ್ನೋರು ಕರ್ಕಂಡು ಓಯ್ತಾರಂತೆ. ಅವತ್ತಿಂದ ಬೀದೀಲಿ ಜೀಪಿನ ಸದ್ದಾದರೆ ಸಾಕು, ನಾನು ಹಿತ್ತಲಿಗೆ ಓಡ್ತಿದ್ದೆ. ಮನೇಲಿರೋ ಫೋನೂ ಹೆದರಿಸೋಕೆ ಶುರುಮಾಡ್ತು. ಕುಯ್ ಅಂದರೆ ಯಾರೋ ಒಳಗೆ ಬಂದರು ಅನ್ನಿಸೋದು. ಒಂದಿನ ತಗೊಂಡೋಗಿ ರಾಗಿ ಡ್ರಮ್ಮಿನಲ್ಲಿ ಹೂತಿಟ್ಟೆ.

ಸೊಸೆ ಹುಡುಕಿ ತೆಗೆದು, "ಅತ್ತೆ, ರಾಗಿ ಜೊತೇಲಿ ಫೋನೂ ಬೀಸ್ಕಂಡು ಬರಾದಾ?" ಅಂದಳು. ನಕ್ಕವಳು ಅವಳೊಬ್ಬಳೇ. ಅವಳೂ ಆಮೇಲೆ ಒಲೆ ಮುಂದೆ ಕೂತು ಕಣ್ಣೊರೆಸಿಕೊಂಡಿದ್ದನ್ನ ನೋಡಿದೆ.

ಹಾಸನದಿಂದ ಕಂಪ್ಯೂಟರ್ ತಿಳಿದವರೊಬ್ಬರು ಬಂದರು. ಆವತ್ತು ನಾನೂ ಹೋಗಿ ಕಿಟಕಿ ಹತ್ರ ನಿಂತೆ. ಇರೋದನ್ನೆಲ್ಲ ನಕಲು ಮಾಡಿಟ್ಟಿದ್ದೀರಾ ಅಂತ ಅವರು ಕೇಳಿದರು. ನಕಲು ಇಡೋಕೆ ಒಂದು ಕರೀ ಡಬ್ಬಿ ಇದೆ, ಹಾರ್ಡ್ ಡಿಸ್ಕು ಅಂತಾರೆ. ಅದು ಯಾವಾಗಲೂ ಕಂಪ್ಯೂಟರಿಗೇ ಅಂಟಿಕೊಂಡಿರ್ತಿತ್ತಂತೆ. ನನ್ನ ಮೊಮ್ಮಗಳು ತಲೆ ಬಗ್ಗಿಸಿ ನಿಂತಳು.

"ಸಾ, ಆಯುಧಪೂಜೆಗೆ ಎಲ್ಲ ಕಳಚಿ ಒರೆಸಿ ಪೂಜೆ ಮಾಡಿದ್ವಿ. ಅದಕ್ಕೂ ವಿಭೂತಿ ಬಳ್ದು ಕುಂಕುಮ ಇಟ್ಟಿದ್ವಿ. ವೈರು ಸಿಕ್ಕಿಸೋ ತೂತಿಗೆ ಕುಂಕುಮ ತುಂಬ್ಕಂಡಿತ್ತು. ಸಿಕ್ಕಿಸಿದ್ರೆ ಶಾರ್ಟ್ ಆಗ್ತದೇನೋ ಅಂತ ಭಯವಾಗಿ ಬಟ್ಟೇಲಿ ಸುತ್ತಿ ಬೀರೂಗೆ ಇಟ್ಟೆ. ಆಮೇಲೆ ಮರೆತ್ಬುಟ್ಟೆ. ದಸರಾ ಆದ್ಮೇಲೆ ನಕಲೇ ಮಾಡಿಲ್ಲ ಸಾ."

ಮುಗೀತು ಅಂದುಕೊಂಡೆ. ಅವರು ಬೈಯಲಿಲ್ಲ. "ಎಲ್ಲಿ, ತನ್ನಿ" ಅಂದರು. ಬಟ್ಟೆ ಬಿಚ್ಚಿದರೆ ಒಣಗಿದ ಚೆಂಡುಹೂವಿನ ಎಸಳು ಉದುರಿತು. ಸಣ್ಣ ಬ್ರಷ್ಷಿನಲ್ಲಿ ಕುಂಕುಮ ಕೆರೆದು ತೆಗೆದು, ತಾವು ತಂದಿದ್ದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರು. ದೀಪ ಹತ್ತಲಿಲ್ಲ. ಮತ್ತೆ ಕೆರೆದರು, ಮತ್ತೆ ಸಿಕ್ಕಿಸಿದರು. ನಾನು ಕಿಟಕಿ ಸರಳು ಹಿಡಿದು ಇಣುಕಿದೆ. ಆಮೇಲೆ ಒಂದು ನೀಲಿ ದೀಪ ಮಿಣಕ್ ಅಂತು.

ನನ್ನ ಮೊಮ್ಮಗಳು ಪರದೆ ನೋಡಿ ಬಾಯಿಗೆ ಸೆರಗಡ್ಡ ಹಿಡಿದಂಗೆ ದುಪಟ್ಟಾ ಹಿಡಿದಳು. ದಸರಾವರೆಗಿನದೆಲ್ಲ ಹಂಗೇ ಇತ್ತು.

"ಇದು ಕಂಪ್ಯೂಟರಿಗೇ ಅಂಟ್ಕೊಂಡಿದ್ದಿದ್ರೆ ಇದಕ್ಕೂ ಬೀಗ ಬಿದ್ದಿರೋದಮ್ಮ" ಅಂದರು ಅವರು. "ಇನ್ಮೇಲೆ ಪ್ರತಿ ವಾರ ನಕಲು ಮಾಡಿ, ಕಿತ್ತು, ಬೀರೂಲಿಟ್ಟು ಬೀಗ ಹಾಕಿ. ಸ್ಕೂಲಿಗೂ ಹಂಗೇ ಹೇಳಿ. ಕುಂಕುಮ ಮಾತ್ರ ಡಬ್ಬಿ ಮೇಲ್ಗಡೆಗೆ ಇಡಿ."

ದಸರಾ ಆದಮೇಲೆ ಕಟ್ಟಿದ್ದ ತೆರಿಗೆಗೆ ಜನ ತಮ್ಮ ತಮ್ಮ ರಶೀದಿ ತಂದು ತೋರಿಸಿದರು, ಇವಳು ಕೂತು ಹೊಸದಾಗಿ ಹೊಡೆದಳು. ಆದರೂ ಕೆಲಸದ ಮಾತು ಯಾರೂ ಆಡಲಿಲ್ಲ. ಅದು ತೀರ್ಮಾನ ಆಗಬೇಕಿದ್ದದ್ದು ಇವತ್ತು, ಮೆಂಬರುಗಳ ಸಭೆಯಲ್ಲಿ. ನಾನು ಹೊರಗೆ ಕಟ್ಟೆ ಮೇಲೆ ಕೂತಿದ್ದೆ. ಒಳಗಿಂದ ಯಜಮಾನರ ಗಂಟಲು: "ಒತ್ತಿದೋಳ್ನ ಮಡಿಕಂಡ್ರೆ ನಾಳೆ ಮತ್ತೆ ಒತ್ತುತಾಳೆ. ಬೇರೆಯೋರ್ನ ನೋಡನ."

ಆಮೇಲೆ ಒಂದು ಹೆಂಗಸಿನ ದನಿ ಬಂತು. ಸಭೆಯಲ್ಲಿ ಯಾವತ್ತೂ ಬಾಯಿ ತೆಗೆಯದ ಅಧ್ಯಕ್ಷೆಯದು.

"ತಗಿ ತಗಿ ಅಂದೋರು ನಮ್ಮನೆಯೋರು. ಅವ್ರು ಇಲ್ಲೇ ಕುರ್ಚೀಲಿ ಕುಂತಿರ್ತಾರೆ, ಆ ಮಗೀನ ಮಾತ್ರ ಮನೆಗೆ ಕಳ್ಸಾದಾ? ಕಳ್ಸಾದಾದ್ರೆ ಇಬ್ರನ್ನೂ ಕಳ್ಸಿ."

ಒಳಗೆ ಯಾರೋ ಕಿಸಕ್ಕಂತ ನಕ್ಕರು. ಪಿಡಿಒ ಮೇಡಮ್ಮು ಎದ್ದು, ಅವತ್ತು ಬೆಳಗ್ಗೆಯೇ ತಿಳಿಸಿದ್ದರಿಂದ ಹಾಸನದೋರು ಎಲ್ಲಾ ಕಡೆಗೂ ಎಚ್ಚರಿಕೆ ಕಳಿಸಿದರು, ಸುತ್ತಮುತ್ತಲ ಪಂಚಾಯ್ತಿಗಳಲ್ಲಿ, ಸ್ಕೂಲುಗಳಲ್ಲಿ ಆ ಪತ್ರಿಕೆ ತೆಗೆಯದೆ ಅಳಿಸಿಹಾಕಿದರು ಅಂತ ಹೇಳಿದರು. ನಮ್ಮೂರ ಹೆಡ್‌ಮಿಸ್ಸಂತೂ ಇವಳ ಫೋನು ಬಂದಾಗ ತೆಗೆಯೋಕೆ ಬೆರಳು ಇಟ್ಟಿದ್ದರಂತೆ. ಅಷ್ಟೂ ಮಕ್ಕಳ ವಿವರ ಆ ಕಂಪ್ಯೂಟರಿನಲ್ಲಿತ್ತು. ಅದಕ್ಕೇ ಇವಳನ್ನ ಹಾಸನಕ್ಕೆ ಕರೆದಿರೋದು. ಕೆಲಸದಲ್ಲೂ ಇವಳೇ ಇರಲಿ ಅಂತ ತೀರ್ಮಾನವಾಯ್ತು.

ಮೊಮ್ಮಗಳು ಹೊರಗೆ ಬಂದು ನನ್ನ ಪಕ್ಕ ಕೂತಳು. ನಾನು ಅತ್ತುಬಿಟ್ಟೆ.

ಸಾಯಂಕಾಲ ಮಗ ನಾಟಿ ಕೋಳಿ ಹಿಡಿಯೋಕೆ ಹೊರಟಿದ್ದ. "ಶನಿವಾರ ಕಣಪ್ಪ" ಅಂತ ತಡೆದೆ. ಸೊಸೆ ಹುರುಳಿಕಾಳು ಬಸ್ಸಾರು ಮಾಡಿ, ಮುದ್ದೆ ಕಟ್ಟಿ, ಶ್ಯಾವಿಗೆ ಪಾಯಸ ಇಳಿಸಿದಳು. ನಾಲ್ಕು ಜನವೂ ನಡುಮನೇಲಿ ಒಟ್ಟಿಗೆ ಕೂತೆವು. ಬಡಿಸಿ ಆಮೇಲೆ ಉಣ್ತೀನಿ ಅಂದ ಸೊಸೆಯನ್ನೂ ನಾನು ಎಳೆದು ಕೂರಿಸಿದೆ.

"ಹಾಸನದಲ್ಲಿ ಮೈಕ್ ಇಡ್ಕಂಡು ಮೊದ್ಲು ಏನೇಳ್ತೀಯವ್ವ?" ಅಂದ ಮಗ.

"ಒತ್ತಿದ್ದು ನಾನೇ ಅಂತ ಏಳ್ತೀನಿ ಅಪ್ಪ."

"ನಗ್ತಾರೆ ಕಣೆ" ಅಂದಳು ಸೊಸೆ.

"ನಗ್ಲಿ ಬುಡವ್ವ. ನಕ್ಕಾದ್ಮೇಲೆ ಕೇಳ್ತಾರೆ."

ಅವಳನ್ನೇ ನೋಡ್ತಾ ಮುದ್ದೆ ಮುರಿಯೋಕೆ ಹೋಗಿ ಸಾರು ತಟ್ಟೆಯಿಂದಾಚೆ ಚೆಲ್ಲಿದೆ. ಮೊಮ್ಮಗಳು ನನ್ನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಇಟ್ಟಳು. ನಾನು ನುಂಗಿದೆ. ಎಲ್ಲರೂ ಉಂಡೆವು.