ಮಿಷನ್ನಿಗೆ ಮೈಲಿಗೆಯಿಲ್ಲವಂತೆ

ಅರಸೀಕೆರೆಯಲ್ಲಿ ಭಾಗ್ಯ ಎಂದರೆ ಯಾವ ಭಾಗ್ಯ ಎಂದು ಕೇಳುತ್ತಾರೆ. ಕಂಪ್ಯೂಟರ್ ಭಾಗ್ಯ ಎಂದರೆ ರೈಲ್ವೆ ಗೇಟಿನ ಕಡೆ ಕೈ ತೋರಿಸುತ್ತಾರೆ. ಅವಳಿಗೆ ಆ ಹೆಸರು ಕಂಡರಾಗದು. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿರುವುದು ಮರ ಕೆತ್ತುವ ಸಿಎನ್‌ಸಿ ಮಿಷನ್ನು. ಮಂಚದಷ್ಟು ಅಗಲದ ಮೇಜು, ಅದರ ಮೇಲೆ ಅತ್ತಿತ್ತ ಓಡಾಡುವ ಕಬ್ಬಿಣದ ತೋಳು, ತೋಳಿನ ತುದಿಗೆ ಗಿರ್ರನೆ ತಿರುಗುವ ಉಳಿ. ಪಕ್ಕದ ಕಂಪ್ಯೂಟರಿನಲ್ಲಿ ಗೆರೆ ಬರೆದುಕೊಟ್ಟರೆ ತೋಳು ಅದೇ ಗೆರೆಯನ್ನು ಮರದ ಮೇಲೆ ಕೊರೆಯುತ್ತದೆ. ಊರಿನವರು ಮಿಷನ್ನನ್ನೂ ಕಂಪ್ಯೂಟರ್ ಎಂದರು, ಅವಳನ್ನೂ ಕಂಪ್ಯೂಟರ್ ಎಂದರು. ಅವಳ ಎರಡು ಕೈ ಯಾರ ಲೆಕ್ಕಕ್ಕೂ ಬರಲಿಲ್ಲ.

ಅವಳ ಅಪ್ಪ ಹನುಮಯ್ಯ ಕಣಕಟ್ಟೆ ಕಾಲೋನಿಯವನು. ಮೂವತ್ತು ವರ್ಷ ಸಾಮಿಲ್ಲಿನಲ್ಲಿ ದಿಮ್ಮಿ ತಳ್ಳಿ ತಳ್ಳಿ ಕಿವಿ ಮಂದವಾಗಿತ್ತು. ಅವನು ಕೊಯ್ದ ಮರ ಊರಿನ ಎಷ್ಟೋ ಮನೆಗಳಿಗೆ ಬಾಗಿಲಾಗಿ ನಿಂತಿದೆ. ಆ ಬಾಗಿಲು ದಾಟಿ ಒಳಗೆ ಹೋಗುವುದು ಮಾತ್ರ ಅವನಿಗೆ ಆಗಲಿಲ್ಲ. ಕೂಲಿ, ಕಾಫಿ ಎರಡೂ ಹಿತ್ತಿಲಲ್ಲೇ. ಭಾಗ್ಯ ಏಳನೇ ಕ್ಲಾಸಿನಲ್ಲಿದ್ದಾಗ ಬೇಲೂರಿಗೆ ಪ್ರವಾಸ ಹೋಗಿದ್ದಳು. ಅಲ್ಲಿ ಮೇಷ್ಟ್ರು ಶಿಲ್ಪದ ಪೀಠದಲ್ಲಿ ಕೆತ್ತಿದವನ ಹೆಸರು ತೋರಿಸಿದರು. ಹುಡುಗಿ ಮನೆಗೆ ಬಂದವಳೇ ಚೀಲ ಕೂಡ ಇಳಿಸದೆ, "ಅಪ್ಪಾ, ನೀನು ಕೊಯ್ದಿರೋ ಬಾಗ್ಲುಗಳ ಮೇಲೆ ನಿನ್ನೆಸ್ರು ಎಲ್ಲೈತೆ?" ಎಂದು ಕೇಳಿದಳು.

"ನನ್ನೆಸ್ರು ಕೆತ್ತುದ್ರೆ ಆ ಬಾಗ್ಲು ಯಾರು ತಗಂತಾರವ್ವ?" ಎಂದು ಹನುಮಯ್ಯ ಮುದ್ದೆ ಮುರಿಯಲು ಕೂತ.

ಆ ಮಾತು ಅವಳಿಗೆ ಅವತ್ತಿನಿಂದ ನುಂಗಲಾರದ ಬಿಸಿ ತುಪ್ಪ. ಹಾಸನದಲ್ಲಿ ಐಟಿಐ ಓದಿದಳು. ಪೀಣ್ಯದ ಒಂದು ಬಾಗಿಲು ಕಾರ್ಖಾನೆಯಲ್ಲಿ ಆರು ವರ್ಷ ಇದೇ ಮಿಷನ್ನು ಓಡಿಸಿದಳು. ಅವರು ಹೊಸದು ತಂದಾಗ ಹಳೆಯದನ್ನು ಕೊಂಡು, ಎರಡು ಸಾವಿರದ ಐದರಲ್ಲಿ ಲಾರಿಗೆ ಹಾಕಿಸಿಕೊಂಡು ಊರಿಗೆ ಬಂದಳು. ಶೆಡ್ಡಿನ ಗೋಡೆಗೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರ ಪಟ ಹಾಕಿದಳು. ಬಂದವರು ಮೊದಲು ಪಟ ನೋಡುತ್ತಿದ್ದರು, ಆಮೇಲೆ ಗಡಿಯಾರ ನೋಡಿ, ಇನ್ನೊಂದಿನ ಬರ್ತೀವಿ ಎಂದು ಹೊರಡುತ್ತಿದ್ದರು.

ಹೀಗಿರುವಾಗ ದಾರಿ ತೋರಿಸಿದ ಪುಣ್ಯಾತ್ಮ ಕೊಬ್ಬರಿ ಮಂಡಿಯ ಷಡಕ್ಷರಪ್ಪ. ಹಣೆ ತುಂಬ ವಿಭೂತಿ, ಮಠದ ಕೆಲಸಕ್ಕೆಲ್ಲ ಮುಂದಾಳು, ಮಾತಿನಲ್ಲಿ ಬೆಣ್ಣೆ. ಹೊಸ ಮನೆಯ ದೇವರ ಕೋಣೆಗೆ ಕೆತ್ತನೆಯ ಬಾಗಿಲು ಬೇಕಾಗಿತ್ತು ಅವರಿಗೆ. ಭಾಗ್ಯಳ ಕೈಗೆ ಕೊಡಲು ಮನಸ್ಸಿಲ್ಲ, ಮಿಷನ್ನಿನ ಕೆಲಸ ಬಿಡಲೂ ಮನಸ್ಸಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಶಾಸ್ತ್ರ ಕಂಡುಹಿಡಿದರು.

"ಮಿಷನ್ನಿಗೆ ಮೈಲಿಗೆ ಇಲ್ಲ ಕಣ್ರೀ" ಎಂದು ಮಂಡಿಯಲ್ಲಿ ಕೂತು ಸಾರಿದರು. "ಕಾಲ ಬದ್ಲಾಗೈತೆ, ನಾವೂ ಬದ್ಲಾಗ್ಬೇಕು."

ಬದಲಾವಣೆ ಎಂದರೆ ಇದು: ಅವರ ಆಳು ಹುಚ್ಚಣ್ಣ ಹಲಗೆ ತಂದು ಮೇಜಿನ ಮೇಲೆ ಇಡಬೇಕು. ಭಾಗ್ಯ ಬಟನ್ ಒತ್ತಬೇಕು. ಕೆತ್ತನೆ ಮುಗಿದ ಮೇಲೆ ಹುಚ್ಚಣ್ಣನೇ ಎತ್ತಿಕೊಂಡು ಹೋಗಬೇಕು. ಉಜ್ಜುವುದು, ಪಾಲೀಶು ಎಲ್ಲ ಅವರ ಬಡಗಿ ತಿಮ್ಮಯ್ಯನದು. ಅವಳ ಬೆರಳು ಮರಕ್ಕೆ ತಾಕುವ ಹಾಗಿಲ್ಲ. ಊರಿನ ದೊಡ್ಡ ಮನೆಗಳಿಗೆಲ್ಲ ಈ ಶಾಸ್ತ್ರ ಒಪ್ಪಿಗೆಯಾಯಿತು. ಎರಡು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ದೇವರ ಬಾಗಿಲುಗಳನ್ನು ಭಾಗ್ಯ ಕೈ ಕಟ್ಟಿಕೊಂಡು ನಿಂತು ಕೆತ್ತಿದಳು. ನಾಚಿಕೆಯಾಗುತ್ತಿತ್ತು, ತನ್ನ ಮೇಲೆ ತನಗೇ. ಆದರೆ ಶೆಡ್ಡು ನಡೆಯಬೇಕಲ್ಲ, ಸುಮ್ಮನಿದ್ದಳು.

ಎರಡು ಸಾವಿರದ ಏಳರ ಚಳಿಗಾಲದಲ್ಲಿ ಷಡಕ್ಷರಪ್ಪ ಬೇರೆಯೇ ಕೆಲಸ ತಂದರು. ಮೊಮ್ಮಗಳು ಮಂದಾರಳಿಗೆ ವರ್ಷ ತುಂಬುತ್ತಿತ್ತು. ಮಗ ಶಶಿಕಿರಣ್ ಎಲ್ಲೋ ಒಂದು ಮರದ ಆಟಿಕೆ ನೋಡಿದ್ದನಂತೆ. ಹಲಗೆಯೊಳಗೆ ಮಗುವಿನ ಹೆಸರಿನ ಅಕ್ಷರಗಳು. ಮಗು ಒಂದೊಂದನ್ನೇ ಎತ್ತಿ ಮತ್ತೆ ಅದರ ಗುಳಿಯಲ್ಲೇ ಕೂರಿಸಬೇಕು. ಅಂಥದ್ದು ಕನ್ನಡದಲ್ಲಿ ಆಗಬೇಕು, ಹುಟ್ಟುಹಬ್ಬಕ್ಕೆ ಬಂದ ನೆಂಟರೆಲ್ಲ ನೋಡಬೇಕು. ಬೇಲೂರಿನ ಕಡೆಯಿಂದ ಹಲಸಿನ ಹಲಗೆ ತರಿಸಿದ್ದರು.

"ಇದು ಬರೀ ಮಿಷನ್ನಿಂದ ಆಗಲ್ಲ ಯಜಮಾನ್ರೇ" ಎಂದಳು ಭಾಗ್ಯ. ಕತ್ತರಿಸುವಾಗ ಅಕ್ಷರ ಕಿತ್ತು ಹಾರದಿರಲೆಂದು ಮಿಷನ್ನು ಅದರ ಸುತ್ತ ನಾಲ್ಕು ಕಡೆ ಕಡ್ಡಿಯಷ್ಟು ಮರ ಬಿಟ್ಟು ಕೊರೆಯುತ್ತದೆ. ಅದಕ್ಕೆ ಕೊಂಡಿ ಎನ್ನುತ್ತಾಳೆ. ಕೊಂಡಿಯನ್ನು ಉಳಿಯಲ್ಲಿ ಕೈಯಾರೆ ಬಿಡಿಸಬೇಕು. ಹಲಸು ಸಿಗುರು ಬಿಡುವ ಮರ, ಅಂಚು ಅಂಚನ್ನೂ ಉಪ್ಪು ಕಾಗದದಲ್ಲಿ ಉಜ್ಜಬೇಕು. ಹಲ್ಲು ಬರುವ ಮಗು, ಸಿಕ್ಕಿದ್ದೆಲ್ಲ ಬಾಯಿಗೇ.

"ತಿಮ್ಮಯ್ಯ ಮಾಡಲ್ಲ ಅಂದುಬಿಟ್ಟ. ಅಷ್ಟು ಸಣ್ಣದಕ್ಕೆ ಅವನ ಬೆರಳು ಬಗ್ಗಲ್ಲವಂತೆ." ಷಡಕ್ಷರಪ್ಪ ದನಿ ತಗ್ಗಿಸಿದರು. "ನೀನೇ ಮುಗಿಸಮ್ಮ. ಆದ್ರೆ ಯಾರಾದ್ರೂ ಕೇಳಿದ್ರೆ, ಎಲ್ಲಾ ಮಿಷನ್ನೇ ಮಾಡಿದ್ದು ಅನ್ನು. ನಾನೂ ಹಂಗೇ ಹೇಳ್ತೀನಿ. ಏನಂತೀಯ?"

ಭಾಗ್ಯ ಕಂಪ್ಯೂಟರಿನ ಕಡೆ ತಿರುಗಿದಳು. ಬಾಗಿಲ ವಿಷಯದಲ್ಲಿ ಮುಟ್ಟಬೇಡ ಎಂದಿದ್ದರು, ಸಹಿಸಿದ್ದಳು. ಈಗ ಮುಟ್ಟು, ಆದರೆ ಮುಟ್ಟಿಲ್ಲ ಎನ್ನು ಎನ್ನುತ್ತಿದ್ದಾರೆ. ಅವಳ ಮೈಯೆಲ್ಲ ಉರಿದುಹೋಯಿತು.

ಕೆಲಸವನ್ನು ಮಾತ್ರ ಅವಳು ಸಿಟ್ಟಿನಿಂದ ಮಾಡಲಿಲ್ಲ, ಪಾಪ ಮಗುವಿನ ತಪ್ಪೇನು? ಮಂ, ದಾ, ರ ಎಂದು ಮೂರು ಅಕ್ಷರ ದುಂಡಗೆ ಬರೆದಳು. ಮೊದಲನೆಯದರ ಸೊನ್ನೆ ಬೇರೆ ತುಂಡಾದರೆ ಮಗು ನುಂಗೀತು ಎಂದು ಅದನ್ನು ಮ ಅಕ್ಷರಕ್ಕೇ ಅಂಟಿಕೊಂಡಿರುವಂತೆ ಮಾಡಿದಳು. ಹುಚ್ಚಣ್ಣ ಹಲಗೆ ಇಟ್ಟುಹೋದ. ಅರ್ಧಕ್ಕೆ ಕರೆಂಟು ಹೋಯಿತು. ಬಂದಾಗ ಮಿಷನ್ನಿಗೆ ತಾನು ಎಲ್ಲಿದ್ದೆ ಎನ್ನುವುದೇ ಮರೆತಿತ್ತು. ಮತ್ತೆ ಮೊದಲಿಂದ. ಹಲಗೆ ದೊಡ್ಡದಿತ್ತು, ಒಂದಲ್ಲ, ಎರಡು ಕತ್ತರಿಸಿದಳು.

ಒಂದನ್ನು, ಮತ್ತೆ ಬಂದ ಹುಚ್ಚಣ್ಣನಿಂದಲೇ ಎತ್ತಿಸಿ ಹಾಗೇ ಇಡಿಸಿದಳು. ಇನ್ನೊಂದರ ಕೊಂಡಿಗಳನ್ನು ಉಳಿಯಲ್ಲಿ ಬಿಡಿಸಿ ಮೂರು ದಿನ ಉಜ್ಜಿದಳು. ಬೆರಳು ದಡ್ಡುಗಟ್ಟಿದ್ದರಿಂದ ಅದನ್ನು ನಂಬದೆ, ಅಕ್ಷರವನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಎಲ್ಲಿ ಚುಚ್ಚಿದರೂ ಮತ್ತೆ ಉಜ್ಜುತ್ತಿದ್ದಳು. ಕೊನೆಗೆ ಕೊಬ್ಬರಿ ಎಣ್ಣೆ ಸವರಿದಳು. ಕೆಳಗೆ ಅಂಟಿಸುವ ತೆಳು ಹಲಗೆ ಉಳಿದಿತ್ತು. ಅಕ್ಷರ ಎತ್ತಿದರೆ ಕಾಣುವುದು ಅದೇ. ಆ ಹಲಗೆಯ ಮೇಲೆ, ಒಂದೊಂದು ಗುಳಿಗೂ ಒಂದೊಂದು ಮಾತಿನಂತೆ, ಅವಳು ಮಿಷನ್ನು ಮುಟ್ಟದೆ ಅಪ್ಪನ ಹಳೇ ಉಳಿಯಿಂದ ಕೈಯಲ್ಲೇ ಕೆತ್ತಿದಳು.

ಹನುಮಯ್ಯ ಬಗ್ಗಿ ನೋಡಿದ. "ಕೆಲ್ಸ ಹೋಗ್ತದೆ ಕಣವ್ವ."

"ಹೋಗ್ಲಿ ಬಿಡಪ್ಪಾ" ಎಂದು ಅವನ ಕಿವಿಯಲ್ಲಿ ಕೂಗಿದಳು.

ಹುಟ್ಟುಹಬ್ಬದ ಹಿಂದಿನ ದಿನ ಷಡಕ್ಷರಪ್ಪ ಹೆಂಡತಿ ಸುಮಿತ್ರಮ್ಮನ ಜೊತೆ ಬಂದರು. ಆಕೆಯ ಕಂಕುಳಲ್ಲಿ ಮಂದಾರ. ಭಾಗ್ಯ ಎರಡು ಹಲಗೆಗಳನ್ನೂ ಮೇಜಿನ ಮೇಲೆ ತೋರಿಸಿದಳು.

"ಇದ್ಯಾಕಮ್ಮ ಎರಡು?"

"ಅದು ಬರೀ ಮಿಷನ್ದು ಯಜಮಾನ್ರೇ, ನನ್ನ ಕೈ ತಾಕಿಲ್ಲ. ಬೇಕಾದ್ರೆ ಹುಚ್ಚಣ್ಣನ್ನ ಕೇಳಿ. ಇದು ನಾನು ಮಾಡಿದ್ದು. ಯಾವ್ದು ಬೇಕೋ ತಗೊಳ್ಳಿ."

ಷಡಕ್ಷರಪ್ಪ ಮೊದಲನೆಯದಕ್ಕೇ ಕೈ ಹಾಕಿದರು. ಅಕ್ಷರ ಅಲ್ಲಾಡಲಿಲ್ಲ. ಉಗುರಿನಿಂದ ಮೀಟಿದರು, ಸಿಗುರು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಅಷ್ಟರಲ್ಲಿ ಮಂದಾರ ಬಗ್ಗಿ ಇನ್ನೊಂದು ಹಲಗೆಯಿಂದ ರ ಅಕ್ಷರವನ್ನು ಎತ್ತಿ ನೇರ ಬಾಯಿಗಿಟ್ಟುಕೊಂಡಿತು. ಹಲ್ಲು ಬರುವ ವಸಡಿಗೆ ಹಿತವಾಗಿರಬೇಕು, ಕಣ್ಣರಳಿಸಿ ಚೀಪತೊಡಗಿತು.

ಖಾಲಿಯಾದ ಗುಳಿಯಲ್ಲಿ 'ಭಾಗ್ಯ' ಎಂದಿತ್ತು. ಷಡಕ್ಷರಪ್ಪ ಉಳಿದೆರಡನ್ನೂ ಎತ್ತಿ ನೋಡಿದರು. ಹನುಮಯ್ಯನ. ಮಗಳು. ಭಾಗ್ಯ.

"ಏನಮ್ಮಾ ಇದು? ನನ್ನ ಮೊಮ್ಮಗಳ ಹೆಸರಿನ ಕೆಳಗೆ ನಿಮ್ಮೆಸ್ರಾ? ಮೊದಲು ಅಳಿಸು ಇದನ್ನ."

"ಅಳಿಸ್ಬೇಕಂದ್ರೂ ಕೈ ಹಾಕಿ ಉಜ್ಜಬೇಕು ಯಜಮಾನ್ರೇ. ಮಿಷನ್ನಿಗೆ ಅದು ಬರಲ್ಲ" ಎಂದಳು ಭಾಗ್ಯ. ಮಂದಾರಳ ಕಡೆ ಕೈ ತೋರಿಸಿದಳು. "ಮಗು ಬಾಯಲ್ಲಿರೋದನ್ನ ಮೂರು ದಿನ ಉಜ್ಜಿದ್ದು ಈ ಕೈ. ಕೆನ್ನೆಗಿಟ್ಟು ನೋಡಿದ್ದೀನಿ, ಎಲ್ಲೂ ಚುಚ್ಚಲ್ಲ. ಕೇಳಿದವರಿಗೆ ಭಾಗ್ಯನ ಕೈಕೆಲ್ಸ ಅಂತ ಹೇಳಂಗಿದ್ರೆ ತಗೊಂಡೋಗಿ. ಹೇಳಕ್ಕಾಗಲ್ಲ ಅಂದ್ರೆ ಇಲ್ಲೇ ಬಿಡಿ."

"ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ? ನಾಳೆಯಿಂದ ಒಂದು ಬಾಗ್ಲೂ ನಿನ್ನ ಶೆಡ್ಡಿಗೆ ಬರಲ್ಲ!"

"ಬರೋದು ಬೇಡ. ಬಂದ್ರೂ ಇನ್ಮೇಲೆ ಕೈ ಕಟ್ಕೊಂಡು ಕೆತ್ತಲ್ಲ."

ಷಡಕ್ಷರಪ್ಪ ಬಿರ್ರನೆ ಹೊರಟರು. ಸುಮಿತ್ರಮ್ಮ ಒಂದು ಕ್ಷಣ ನಿಂತು ಭಾಗ್ಯಳ ಕೈಯನ್ನೇ ನೋಡಿ ಗಂಡನ ಹಿಂದೆ ಹೋದರು. ಮಗುವಿನ ಬಾಯಿಂದ ಅಕ್ಷರ ಕಿತ್ತುಕೊಳ್ಳುವುದು ಇಬ್ಬರಿಗೂ ನೆನಪಾಗಲಿಲ್ಲ.

ಷಡಕ್ಷರಪ್ಪ ಮಾತಿಗೆ ತಪ್ಪುವವರಲ್ಲ. ಮೂರು ತಿಂಗಳು ಒಂದು ದೇವರ ಬಾಗಿಲೂ ಶೆಡ್ಡಿನ ಕಡೆ ಸುಳಿಯಲಿಲ್ಲ. ಭಾಗ್ಯ ಬಣ್ಣದ ಡಬ್ಬಿ ತಂದು, ಶೆಡ್ಡಿನ ತಗಡಿನ ಮೇಲೆ ಗೇಟಿನಲ್ಲಿ ನಿಂತವರಿಗೂ ಕಾಣುವಂತೆ ಬರೆದಳು: 'ಇಲ್ಲಿ ಮಿಷನ್ ಕತ್ತರಿಸುತ್ತದೆ, ಕೈ ಮುಟ್ಟಿ ಮುಗಿಸುತ್ತದೆ. ಒಪ್ಪಿಗೆ ಇದ್ದವರು ಬನ್ನಿ.' ಓದಿ ನಕ್ಕವರು ನಕ್ಕರು, ಉಗಿದವರು ಉಗಿದರು. ಹಳೇಬೀಡಿನಿಂದ ಒಬ್ಬ ಅಂಗನವಾಡಿ ಟೀಚರ್ ಬಂದು ತಮ್ಮ ಹತ್ತೊಂಬತ್ತು ಮಕ್ಕಳ ಹೆಸರಿನ ಪಟ್ಟಿ ಕೊಟ್ಟುಹೋದರು. ಆ ತಿಂಗಳು ಹೇಗೋ ಕಳೆಯಿತು.

ಒಂದು ಸೋಮವಾರ ಸುಮಿತ್ರಮ್ಮ ಆಟೋದಲ್ಲಿ ಬಂದಿಳಿದರು. ಜೊತೆಗೆ ಷಡಕ್ಷರಪ್ಪ ಇಲ್ಲ, ಹುಚ್ಚಣ್ಣನೂ ಇಲ್ಲ. ಮಂದಾರಳ ಮುಷ್ಟಿಯಲ್ಲಿ ಹಲ್ಲಿನ ಗುರುತು ತುಂಬಿದ ರ.

"ಮಲಗಿದ್ರೂ ಬಿಡಲ್ಲ ಕಣೇ ಇದನ್ನ. ಉಳಿದದ್ದೂ ಕೊಡು."

"ಯಾರು ಮಾಡಿದ್ದು ಅಂತ ಕೇಳಿದ್ರೆ ಏನಂತೀರ ಅಮ್ಮಾವ್ರೇ?"

"ಆಗ್ಲೇ ಎಲ್ಲರ ಮುಂದೂ ಅಂದಾಯ್ತು. ಅವ್ರು ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ರು."

ಭಾಗ್ಯ ಹಲಗೆಯನ್ನು ವಾಡಿಕೆಯಂತೆ ಮೇಜಿನ ಮೇಲೆ ಇಡಲಿಲ್ಲ. ಕೈಯಲ್ಲೇ ಹಿಡಿದು ಮುಂದೆ ಚಾಚಿದಳು. ಸುಮಿತ್ರಮ್ಮ ಕೈಯಿಂದಲೇ ಇಸಿದುಕೊಂಡರು.

ಷಡಕ್ಷರಪ್ಪ ಮಾತ್ರ ಇವತ್ತಿಗೂ ಶೆಡ್ಡಿನ ಮುಂದೆ ಹಾದರೆ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ. ಭಾಗ್ಯಳೂ ಕರೆಯುವುದಿಲ್ಲ. ಒಂದೂವರೆ ವರ್ಷದ ಮೇಲೆ ಹುಚ್ಚಣ್ಣ ತನ್ನ ಮನೆಗೇ ಒಂದು ಮಣೆ ಮಾಡಿಸಲು ಬಂದವನು, ಹನುಮಯ್ಯನ ಪಕ್ಕ ಬೆಂಚಿನ ಮೇಲೆ ಕೂತು ಸುದ್ದಿ ಹೇಳಿದ.

"ಆ ಮಗೀಗೆ ಈಗ ಮಾತು ಬತ್ತೈತೆ ಕಣಣ್ಣ. ದಿನಾ ಒಂದೊಂದು ಅಕ್ಷರ ಎತ್ತೋದು, ತಾತ ಇದೇನು, ತಾತ ಇದೇನು ಅನ್ನೋದು. ಓದಿ ಹೇಳೋಗಂಟ ಬಿಡಲ್ಲ."

"ಏನಂತ ಓದ್ತಾರೆ?" ಎಂದಳು ಮಿಷನ್ನಿನ ಹತ್ತಿರವಿದ್ದ ಭಾಗ್ಯ.

"ಇನ್ನೇನಂತ ಓದ್ತಾರೆ? ಇರೋದನ್ನೇ ಓದ್ಬೇಕು. ಹನುಮಯ್ಯನ ಮಗಳು ಭಾಗ್ಯ."

ಹನುಮಯ್ಯ ಕಿವಿಗೆ ಕೈ ಇಟ್ಟು, "ಏನಂದ?" ಎಂದ.

ಭಾಗ್ಯ ಮಿಷನ್ನು ನಿಲ್ಲಿಸಿ, ಅಪ್ಪನ ಹತ್ತಿರ ಬಂದು ಜೋರಾಗಿ ಹೇಳಿದಳು. ಅವನಿಗೆ ಮೊದಲ ಸಲವೇ ಕೇಳಿಸಿತ್ತು ಎನ್ನುವುದು ಅವಳಿಗೂ ಗೊತ್ತಿತ್ತು.

"ಇನ್ನೊಂದ್ಸಲ ಹೇಳವ್ವ" ಎಂದ ಹನುಮಯ್ಯ.